ಕೋಳಿಗೂ ಬೇಕು ಹೆರಿಗೆ ಕೋಣೆ!

“ಎರಡು ವಾರದಿಂದ ಒಂದು ಮೊಟ್ಟೇನೂ ಇಟ್ಟಿಲ್ಲ ಕಣ್ರೀ. ಈ ಭಾನುವಾರ ಸಾರು ಮಾಡಿಬಿಡ್ತೀನಿ” ಎಂದರು ಪಕ್ಕದ ಮನೆಯಾಕೆ. ಶನಿವಾರ ಸೌದೆ ರಾಶಿ ಸರಿಸಿದರೆ ಅಲ್ಲಿ ಒಂಬತ್ತು ಮೊಟ್ಟೆ! ಕೆಲವು ಆಗಲೇ ಕೆಟ್ಟಿದ್ದವು. ತಪ್ಪು ಕೋಳಿಯದಲ್ಲ, ಮೊಟ್ಟೆಯಿಡಲು ಅದಕ್ಕೊಂದು ಮರೆಯಿರಲಿಲ್ಲ, ಅಷ್ಟೆ.

ಕೋಳಿ ಹುಡುಕುವುದು ಕತ್ತಲು, ಮರೆ, ಮೆತ್ತನೆಯ ಜಾಗ. ಅದನ್ನು ನಾವೇ ಒದಗಿಸಿದರಾಯಿತು.

ಹಣ್ಣಿನಂಗಡಿಯ ಹಳೆಯ ಮರದ ಪೆಟ್ಟಿಗೆ ಸಾಕು. ಉದ್ದ, ಅಗಲ, ಎತ್ತರ 12 ಅಂಗುಲವಿರಲಿ. ಗಿರಿರಾಜದಂಥ ದಪ್ಪ ಕೋಳಿಗೆ 14. ನಾಲ್ಕೈದು ಕೋಳಿಗೆ ಒಂದು ಪೆಟ್ಟಿಗೆ. ಮುಂಬದಿ ತೆರೆದಿರಲಿ, ಕೆಳಗೆ ಮಾತ್ರ 4 ಅಂಗುಲದ ಪಟ್ಟಿ ಹೊಡೆಯಿರಿ. ಮೊಟ್ಟೆ ಉರುಳಿ ಬೀಳದು. ಮೊಳೆಯ ತುದಿ ಒಳಗೆ ಚಾಚಿರಬಾರದು. ಎಣ್ಣೆ ಡಬ್ಬ ಬೇಡ, ಬೇಸಿಗೆಯಲ್ಲಿ ಕಾಯುತ್ತದೆ. ಬಿದಿರು ಬುಟ್ಟಿಯಾದೀತು, ಆದರೆ ಹೆಣಿಗೆಯ ಸಂದಿಯಲ್ಲಿ ಉಣ್ಣಿ ಸೇರುವುದರಿಂದ ಆಗಾಗ ಬಿಸಿಲಿಗಿಡಿ.

ಪೆಟ್ಟಿಗೆಯನ್ನು ಗೂಡಿನ ಕತ್ತಲ ಮೂಲೆಯಲ್ಲಿ, ನೆಲದಿಂದ ಒಂದೂವರೆ ಅಡಿ ಮೇಲಿಡಿ. ರಾತ್ರಿ ಕೂರುವ ಅಡ್ಡಗೋಲು ಇದಕ್ಕಿಂತ ಎತ್ತರದಲ್ಲಿರಲಿ. ಇಲ್ಲದಿದ್ದರೆ ಕೋಳಿ ಪೆಟ್ಟಿಗೆಯಲ್ಲೇ ಮಲಗಿ ಹಿಕ್ಕೆ ಹಾಕುತ್ತದೆ. ಒಳಗೆ 3 ಅಂಗುಲ ಒಣಹುಲ್ಲು ಅಥವಾ ಭತ್ತದ ಹೊಟ್ಟು ಹರಡಿ. ನೆಂದರೆ ಅಂದೇ ಬದಲಿಸಿ.

ಹೊಸ ಕೋಳಿಗೆ ಜಾಗ ತೋರಿಸುವುದು ಹೇಗೆ? ಮೊಟ್ಟೆಯಾಕಾರದ ನುಣುಪು ಬಿಳಿಗಲ್ಲೊಂದನ್ನು ಒಳಗಿಡಿ. ದಿನಕ್ಕೆರಡು ಸಲ ಮೊಟ್ಟೆ ಎತ್ತಿಕೊಂಡು, ಕಲ್ಲನ್ನು ಮಾತ್ರ ಅಲ್ಲೇ ಬಿಡಿ.

ಅಂದಹಾಗೆ, ಪಕ್ಕದ ಮನೆಯ ಕೋಳಿ ಸಾರಿನಿಂದ ಪಾರಾಯ್ತು. ಈಗ ಅದರ ಮೊಟ್ಟೆ ಮಾರಿದ ಕಾಸು ಆಕೆಯ ಸಾಸಿವೆ ಡಬ್ಬಿ ಸೇರುತ್ತಿದೆ!