ಪ್ಲೇಗಿಗೆ ಅಡ್ಡ ಹಿಡಿದ ಗಂಧದುಂಡೆ

1348ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ವೈದ್ಯ ಪಂಡಿತರು ಫ್ರಾನ್ಸಿನ ದೊರೆಗೊಂದು ವರದಿ ಒಪ್ಪಿಸಿದರು. ಮೂರು ವರ್ಷದ ಹಿಂದೆ ಕುಂಭ ರಾಶಿಯಲ್ಲಿ ಶನಿ, ಗುರು, ಕುಜರು ಕೂಡಿದ್ದರಿಂದ ಗಾಳಿ ಕೆಟ್ಟಿದೆ, ಪ್ಲೇಗಿಗೆ ಅದೇ ಮೂಲ ಎಂದರು. ರೋಗ ಮೂಗಿನಿಂದ ಒಳಬರುವುದಾದರೆ ಕಾವಲೂ ಮೂಗಿಗೇ ಬೇಕು. ಹಾಗೆ ಮನೆಮಾತಾದದ್ದು ಪೊಮಾಂಡರ್ ಎಂಬ ಗಂಧದುಂಡೆ. ಉಳ್ಳವರು ಅದನ್ನು ತೂತುಗಳಿರುವ ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೋ ಸೊಂಟಕ್ಕೋ ಕಟ್ಟಿಕೊಳ್ಳುತ್ತಿದ್ದರು.

ಅದರ ಪಾಕವಿಧಾನಗಳು ಉಳಿದಿವೆ. ತೊಡಕಿರುವುದು ಸಾಮಗ್ರಿಯಲ್ಲಿ. ತಿಮಿಂಗಿಲದ ಅಂಬರ್‌ಗ್ರಿಸ್, ಮೃಗದ ಕಸ್ತೂರಿ ಎರಡನ್ನೂ ನಮ್ಮ 1972ರ ವನ್ಯಜೀವಿ ಕಾಯ್ದೆ ನಿಷೇಧಿಸುತ್ತದೆ, ನಿಷೇಧಿಸಬೇಕಾದದ್ದೇ. ಕಸ್ತೂರಿಯ ಜಾಗಕ್ಕೆ ಕಸ್ತೂರಿಬೆಂಡೆಯ ಬೀಜ ಸಾಕು, ಅದರ ಕಂಪು ಸಹಜವಾಗಿಯೇ ಹತ್ತಿರ. ಅಂಬರಿನ ಕೊರತೆ ತುಂಬುವುದು ಲ್ಯಾಬ್ಡನಮ್. ಇದು ಮೆಡಿಟರೇನಿಯನ್ ಸೀಮೆಯ ಸಿಸ್ಟಸ್ ಎಂಬ ಪೊದೆಯ ಅಂಟು. ಕ್ರೀಟ್ ದ್ವೀಪದಲ್ಲಿ ಬೇಸಿಗೆಯ ಸುಡುಬಿಸಿಲಲ್ಲಿ ತೊಗಲಿನ ಪಟ್ಟಿಗಳನ್ನು ಆ ಪೊದೆಗಳ ಮೇಲೆ ಎಳೆದು ಅಂಟು ಕೂಡಿಸುತ್ತಾರೆ. ಹಿಂದೆ ಮೇಯಲು ಹೋದ ಆಡುಗಳ ಗಡ್ಡಕ್ಕೆ ಮೆತ್ತಿಕೊಂಡದ್ದನ್ನೂ ಬಾಚಿ ತೆಗೆಯುತ್ತಿದ್ದರು. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಆಡಿನ ಗಡ್ಡದ ಸಂಗತಿಯನ್ನು ಬೆರಗಿನಿಂದ ಬರೆದಿದ್ದಾನೆ: ನಾರುವ ಜಾಗದಲ್ಲಿ ಸಿಗುವ ಸುಗಂಧ!

ಇಪ್ಪತ್ತು ಗ್ರಾಂ ಲ್ಯಾಬ್ಡನಮ್, ಹತ್ತು ಗ್ರಾಂ ಸಾಂಬ್ರಾಣಿ, ಲವಂಗ ಮತ್ತು ಚಕ್ಕೆ ಮೂರು ಮೂರು ಗ್ರಾಂ, ಒಂದು ಚೂರು ಜಾಯಿಕಾಯಿ, ಒಂದು ಚಮಚ ಕಸ್ತೂರಿಬೆಂಡೆ ಬೀಜ. ಇಷ್ಟರಿಂದ ಶುರುಮಾಡಿ. ಲ್ಯಾಬ್ಡನಮ್ ಬಿಟ್ಟು ಉಳಿದದ್ದನ್ನೆಲ್ಲ ಕುಟ್ಟಿ, ತೆಳುಬಟ್ಟೆಯಲ್ಲಿ ಜಾಲಿಸಿ. ಕುಟ್ಟಾಣಿಯನ್ನು ಬಿಸಿನೀರಲ್ಲಿಟ್ಟು ಕಾಯಿಸಿ ಒರೆಸಿಕೊಳ್ಳಿ. ತಣ್ಣಗಿದ್ದರೆ ಲ್ಯಾಬ್ಡನಮ್ ಕಲ್ಲಿನಂತೆ ಕೂರುತ್ತದೆ, ನೇರ ಉರಿಗೆ ಹಿಡಿದರೆ ಕಂಪು ಹಾರಿಹೋಗುತ್ತದೆ. ಹದವಾದ ಬಿಸಿಗೆ ಅದು ಕರಗಿದ ಬೆಲ್ಲದಂತೆ ಎಳೆಯಾಗುತ್ತದೆ. ಆಗ ಪುಡಿಯನ್ನು ಸ್ವಲ್ಪಸ್ವಲ್ಪವೇ ಸೇರಿಸಿ, ಪನ್ನೀರು ಚಿಮುಕಿಸುತ್ತ ನಾದಿ. ಉಂಡೆ ಬಿರಿದರೆ ನೆನೆಸಿದ ಗೋಂದಿನ ಲೋಳೆ ಒಂದು ಚಮಚ ಹಾಕಿ. ಕೈಗೆ ಎಣ್ಣೆ ಸವರಿಕೊಂಡು ನಿಂಬೆಗಾತ್ರ ಕಟ್ಟಿ, ದಬ್ಬಳದಿಂದ ತೂತು ಮಾಡಿ, ನೆರಳಲ್ಲಿ ಎರಡು ವಾರ ಬಿಡಿ. ಮೊದಲ ದಿನ ಲವಂಗವೇ ಮೂಗಿಗೆ ಹೊಡೆಯುತ್ತದೆ, ನಿರಾಶರಾಗಬೇಡಿ. ಒಣಗುತ್ತ ಬಂದ ಹಾಗೆ ಅದು ಹಿಂದೆ ಸರಿದು, ತೊಗಲು, ಜೇನು, ಹೊಗೆ ಬೆರೆತಂಥ ದಟ್ಟ ವಾಸನೆ ಮೇಲೇಳುತ್ತದೆ.

ಪ್ಲೇಗಿನ ಬ್ಯಾಕ್ಟೀರಿಯಾ ಪತ್ತೆಯಾದದ್ದು 1894ರಲ್ಲಿ, ಹಾಂಗ್‌ಕಾಂಗಿನಲ್ಲಿ. ಅದನ್ನು ಹೊತ್ತು ತರುವ ಇಲಿಯ ಚಿಗಟಕ್ಕೆ ಈ ಉಂಡೆ ಅಡ್ಡಿಯೇ ಅಲ್ಲ. ಆದರೂ ಬೀದಿಯಲ್ಲಿ ಹೆಣ ಸಾಗುವಾಗ ಜನ ಮೂಗಿಗೆ ಒತ್ತಿಹಿಡಿದಿದ್ದು ಈ ವಾಸನೆಯನ್ನೇ.