ಹೊಸ ಗಣಕಯಂತ್ರದಲ್ಲಿ ಹಳೆಯ ಪ್ರೋಗ್ರಾಂ ತೆರೆಯದಿದ್ದರೆ

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳ ಬೆಳೆಗಾರ ಬಾಂಧವರಲ್ಲಿ ಕೆಲವರು ಅಡಿಕೆ ಪಟ್ಟಿಗಳ ಲೆಕ್ಕವನ್ನು ಗಣಕಯಂತ್ರದಲ್ಲಿ ಇಡುತ್ತಾರೆ. ಹೊಸ ಯಂತ್ರದಲ್ಲಿ ಹಳೆಯ ಪ್ರೋಗ್ರಾಂ ತೆರೆಯದೆ 193 ಎಂಬ ದೋಷಸಂಖ್ಯೆ ಬಂದರೆ ಲೆಕ್ಕ ಹೋಯಿತೆಂದು ಗಾಬರಿಯಾಗಬೇಕಾಗಿಲ್ಲ. ಬಹುಮಟ್ಟಿಗೆ ಪ್ರೋಗ್ರಾಂ 32 ಬಿಟ್‌ನದು, ಅದು ಕರೆಯುವ ಡಿಎಲ್‌ಎಲ್ ಎಂಬ ಸಹಾಯಕ ಕಡತ 64 ಬಿಟ್‌ನದು ಆಗಿರುತ್ತದೆ. ಅಳತೆ ತಪ್ಪಿದ ನಟ್ಟು-ಬೋಲ್ಟಿನಂತೆ ಅವು ಕೂಡುವುದಿಲ್ಲ. ಹೆಸರನ್ನು ನಂಬಬೇಡಿ: 64 ಬಿಟ್ ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿನಲ್ಲಿ ಇರುವುದು 64 ಬಿಟ್‌ನವು, 32 ಬಿಟ್‌ನವು ಸಿಸ್‌ವಾವ್64ರಲ್ಲಿ! ಆದ್ದರಿಂದ ಕಡತಗಳನ್ನು ಅತ್ತಿಂದಿತ್ತ ಹಾಕದೆ, ಮೊದಲು ಲೆಕ್ಕದ ಪ್ರತಿಯನ್ನು ಪೆನ್‌ಡ್ರೈವ್‌ಗೆ ತೆಗೆದು, ಪ್ರೋಗ್ರಾಂ ಕೊಟ್ಟವರಿಂದಲೇ 32 ಬಿಟ್‌ನ ಡಿಎಲ್‌ಎಲ್ ಹಾಕಿಸಿರಿ. ನಾನು ಅವಸರಪಟ್ಟು ಯಂತ್ರವನ್ನೇ ಫಾರ್ಮ್ಯಾಟ್ ಮಾಡಿಸಿದೆ. ಎರಡು ವರ್ಷದ ಪಟ್ಟಿಗಳನ್ನು ಮತ್ತೆ ಕೂತು ಬರೆಯಬೇಕಾಯಿತು.