ಮೈಭಾರವನ್ನು ಇಳಿಸುವುದೂ ಇಳಿದುದನ್ನು ಉಳಿಸುವುದೂ



ಮೈಯನ್ನು ಇಳಿಸಬೇಕೆಂಬ ಸಂಕಲ್ಪ ನಡೆಯದ ಮನೆ ಇಂದಿನ ನಮ್ಮ ನಗರಗಳಲ್ಲಿ ವಿರಳವೆಂದೇ ಹೇಳಬೇಕು. ಯುಗಾದಿಯ ದಿನವೋ, ಹಳೆಯ ಅಂಗಿಯ ಗುಂಡಿ ಕೂಡದೆ ಹೋದ ಬೆಳಗ್ಗೆಯೋ ಈ ಸಂಕಲ್ಪ ಹುಟ್ಟುತ್ತದೆ. ಮೊದಲನೆಯ ವಾರ ಅನ್ನವಿಲ್ಲ. ಎರಡನೆಯ ವಾರ ರಾತ್ರಿಯ ಊಟವೇ ಇಲ್ಲ. ತಕ್ಕಡಿಯ ಮುಳ್ಳು ಇಳಿಯುತ್ತದೆ, ಕಂಡವರು ಮೆಚ್ಚುತ್ತಾರೆ. ಮೂರನೆಯ ತಿಂಗಳಲ್ಲಿ ಒಂದು ಮದುವೆ ಬರುತ್ತದೆ. ಎಲೆಯ ಮೇಲೆ ಹೋಳಿಗೆ ಬೀಳುತ್ತದೆ. ವರ್ಷ ತುಂಬುವ ವೇಳೆಗೆ ಮುಳ್ಳು ಹೊರಟ ಸ್ಥಳಕ್ಕೇ ಬಂದು ನಿಂತಿರುತ್ತದೆ. ಆಗ ಸಂಕಲ್ಪ ಮಾಡಿದವರು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ಮನಸ್ಸು ಗಟ್ಟಿಯಿಲ್ಲವೆಂದು ಮನೆಯವರೂ ತೀರ್ಪು ಕೊಡುತ್ತಾರೆ.

ಈ ತೀರ್ಪು ನ್ಯಾಯವಾದುದಲ್ಲವೆಂಬುದೇ ಈ ಹೊತ್ತು ನಾವು ಹೇಳಬೇಕೆಂದಿರುವ ಮಾತು. ತೂಕವನ್ನು ಇಳಿಸುವುದು ಒಂದು ಕೆಲಸ, ಇಳಿದುದನ್ನು ಉಳಿಸುವುದು ಬೇರೊಂದು ಕೆಲಸ. ಎರಡನೆಯದನ್ನು ಮೊದಲ ದಿನವೇ ಮನಸ್ಸಿನಲ್ಲಿಟ್ಟುಕೊಂಡು ಹೊರಟವರು ಮಾತ್ರವೆ ದೂರ ಹೋಗಬಲ್ಲರು.

ತೂಕವನ್ನು ಇಳಿಸಬೇಕಾದವರು ಯಾರು ಎಂಬುದನ್ನು ಮೊದಲು ನೋಡೋಣ. ಕಿಲೋಗ್ರಾಮುಗಳಲ್ಲಿ ಅಳೆದ ತೂಕವನ್ನು, ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ದೇಹಭಾರ ಸೂಚ್ಯಂಕವೆಂದು ಹೆಸರು. ನಮ್ಮ ದೇಶದ ವೈದ್ಯರು 2009ರಲ್ಲಿ ಒಮ್ಮತದಿಂದ ನಿಶ್ಚಯಿಸಿದಂತೆ, ಭಾರತೀಯರಲ್ಲಿ ಈ ಸಂಖ್ಯೆ 23ನ್ನು ಮುಟ್ಟಿದರೆ ಭಾರ ಹೆಚ್ಚಾಯಿತೆಂದೂ 25ನ್ನು ಮುಟ್ಟಿದರೆ ಸ್ಥೂಲಕಾಯವೆಂದೂ ಎಣಿಕೆ. 165 ಸೆಂಟಿಮೀಟರು ಎತ್ತರದವರಿಗೆ ಇದು ಕ್ರಮವಾಗಿ ಸುಮಾರು 63 ಮತ್ತು 68 ಕಿಲೋ ಆಗುತ್ತದೆ. ಐರೋಪ್ಯರಿಗೆ ಇಟ್ಟಿರುವ ಮಿತಿಗಳು 25 ಮತ್ತು 30. ನಮಗೇಕೆ ಇಷ್ಟು ಬಿಗಿಯಾದ ಅಳತೆ?

ಇದಕ್ಕೆ ಉತ್ತರವನ್ನು ಇಬ್ಬರು ವೈದ್ಯರು ತಮ್ಮ ದೇಹಗಳನ್ನೇ ದೃಷ್ಟಾಂತವಾಗಿಟ್ಟು ಹೇಳಿದ್ದಾರೆ. ಪುಣೆಯ ಡಾಕ್ಟರ್ ಯಾಜ್ಞಿಕರೂ ಲಂಡನ್ನಿನ ಡಾಕ್ಟರ್ ಯುಡ್ಕಿನ್ನರೂ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮ ಚಿತ್ರವನ್ನು ಅಚ್ಚು ಹಾಕಿಸಿದರು. ಇಬ್ಬರ ಸೂಚ್ಯಂಕವೂ 22.3; ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ 9.1 ಭಾಗ, ಯಾಜ್ಞಿಕರ ಮೈಯಲ್ಲಿ 21.2 ಭಾಗ. ಹೊರಗೆ ಸಮಾನರಾಗಿ ಕಾಣುವ ಇಬ್ಬರಲ್ಲಿ ಒಳಗೆ ಇಷ್ಟು ಅಂತರ! ನಮ್ಮ ಜನದಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು; ಅದೂ ಹೊಟ್ಟೆಯ ಒಳಗೆ, ಯಕೃತ್ತಿನ ಸುತ್ತುಮುತ್ತ ಶೇಖರವಾಗುವುದು ಹೆಚ್ಚು. ಆದ್ದರಿಂದ ತಕ್ಕಡಿಯೊಂದನ್ನೇ ನಂಬದೆ ಸೊಂಟಕ್ಕೂ ಒಂದು ಪಟ್ಟಿಯನ್ನು ಸುತ್ತಿ ನೋಡಬೇಕು. ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ಮೀರಿದರೆ ಎಚ್ಚರಿಕೆ ವಹಿಸತಕ್ಕದ್ದು. ಇದು ಅಂದಚೆಂದದ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳು. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೂ ಹೆಚ್ಚು. ಇವರಲ್ಲಿ ಒಬ್ಬರಾದರೂ ಇಲ್ಲದ ಬಂಧುವರ್ಗ ನಮ್ಮಲ್ಲಿ ಯಾರಿಗಿದೆ?

ಇನ್ನು, ಕೊಬ್ಬು ಸೇರುವ ಬಗೆಯೂ ಕರಗುವ ಬಗೆಯೂ ಹೇಗೆ? ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿಗಳಷ್ಟು ಶಕ್ತಿ ಅಡಗಿದೆ. ಒಗ್ಗರಣೆಗೆ ಹಾಕುವ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಎರಡೆರಡು ಚಿಕ್ಕ ಚಮಚ ಸಕ್ಕರೆ ಹಾಕಿದ ಕಾಫಿಯನ್ನು ದಿನಕ್ಕೆ ನಾಲ್ಕು ಸಲ ಕುಡಿದರೆ, ಸಕ್ಕರೆಯೊಂದರಿಂದಲೇ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅರ್ಧ ಗಂಟೆ ಬಿರುಸಾಗಿ ನಡೆದರೆ ವ್ಯಯವಾಗುವುದೂ ಸುಮಾರು ಅಷ್ಟೇ. ಬೇಕಾದುದಕ್ಕಿಂತ ದಿನವೂ ಇಷ್ಟೊಂದು ಸ್ವಲ್ಪ ಹೆಚ್ಚಾಗಿ ಒಳಗೆ ಹೋದರೆ ಸಾಕು, ಮೈ ಯಾರಿಗೂ ತಿಳಿಯದಂತೆ ಬೆಳೆಯುತ್ತದೆ. ದೇಹ ಲೆಕ್ಕದ ಪುಸ್ತಕದಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲವೆಂಬುದು ನಿಜ. ಆದರೂ ಜಮಾ ಖರ್ಚಿನ ದಿಕ್ಕು ಇದೇ. ಕರಗಿದ ಕೊಬ್ಬು ಬೆವರಿನಲ್ಲಿ ಹರಿದು ಹೋಗುತ್ತದೆಂದು ಬಹು ಮಂದಿಯ ಭಾವನೆ. ವಾಸ್ತವವಾಗಿ 10 ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋ ಇಂಗಾಲಾಮ್ಲವಾಗಿ ನಮ್ಮ ಉಸಿರಿನಲ್ಲಿಯೇ ಹೊರಟುಹೋಗುತ್ತದೆ, ಉಳಿದದ್ದು ನೀರಾಗುತ್ತದೆ. ಬೆವರು ಸುರಿಸುವ ಪಟ್ಟಿಗಳಿಗೆ ಹಣ ಸುರಿಯುವವರು ಇದನ್ನು ಗಮನಿಸಬೇಕು.

ಹೀಗಿದ್ದ ಮೇಲೆ ಕಡಿಮೆ ಉಂಡರಾಯಿತಲ್ಲ, ಇಳಿದ ತೂಕ ಮತ್ತೆ ಏಕೆ ಬರುತ್ತದೆ ಎಂದು ಕೇಳಬಹುದು. 1944ರ ನವೆಂಬರಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿದ್ವಾಂಸರು 36 ಮಂದಿ ಆರೋಗ್ಯವಂತ ತರುಣರನ್ನು ಅವರ ಒಪ್ಪಿಗೆಯಿಂದಲೇ ಒಂದು ಪರೀಕ್ಷೆಗೆ ತೆಗೆದುಕೊಂಡರು. 24 ವಾರಗಳ ಕಾಲ ಅರೆಹೊಟ್ಟೆಯ ಊಟ; ತರುಣರ ತೂಕ ಸುಮಾರು ಕಾಲು ಭಾಗ ಇಳಿಯಿತು. ಅದರೊಡನೆ ನಾಡಿ ನಿಧಾನವಾಯಿತು, ಮೈಯಲ್ಲಿ ಚಳಿ ಹೊಕ್ಕಿತು, ಸ್ವಭಾವ ಸಿಡುಕಾಯಿತು. ಕೆಲವರು ಅಡುಗೆಯ ಪುಸ್ತಕಗಳನ್ನು ಕೂಡಿಹಾಕಿ ಓದತೊಡಗಿದರು. ಊಟದ ಕಟ್ಟು ಬಿಟ್ಟ ಮೇಲೆ ಅನೇಕರಿಗೆ ಎಷ್ಟು ಉಂಡರೂ ತೃಪ್ತಿಯಿಲ್ಲ. 2011ರಲ್ಲಿ ಮೆಲ್ಬೊರ್ನ್ ನಗರದ ಸಂಶೋಧಕರು ಇನ್ನೂ ಒಂದು ಸಂಗತಿಯನ್ನು ತೋರಿಸಿದರು: ತೂಕ ಇಳಿಸಿಕೊಂಡವರಲ್ಲಿ ಹಸಿವನ್ನು ಕೆರಳಿಸುವ ಹಾರ್ಮೋನು ಒಂದು ವರ್ಷ ಕಳೆದರೂ ಮೊದಲಿಗಿಂತ ಹೆಚ್ಚಾಗಿಯೇ ಇತ್ತು.

ಅಂದರೆ, ದೇಹಕ್ಕೆ ನಮ್ಮ ಸಂಕಲ್ಪ ತಿಳಿಯದು. ಅದು ಇದನ್ನು ಕ್ಷಾಮವೆಂದೇ ತಿಳಿಯುತ್ತದೆ. ಖರ್ಚನ್ನು ಕಡಿಮೆ ಮಾಡುತ್ತದೆ, ಹಸಿವನ್ನು ಹೆಚ್ಚಿಸುತ್ತದೆ, ಕಳೆದುಕೊಂಡ ಗಂಟನ್ನು ಮತ್ತೆ ಕಟ್ಟಿಕೊಳ್ಳುವ ದಾರಿ ಹುಡುಕುತ್ತದೆ. ಮರಳಿ ಬಂದ ತೂಕ ಸೋಮಾರಿತನದ ಗುರುತಲ್ಲ. ಆದರೆ ಇದರಿಂದ ನಿರಾಶರಾಗಬೇಕಾಗಿಯೂ ಇಲ್ಲ. ಮೂರು ತಿಂಗಳು ಮಾತ್ರ ನಡೆಸಬಹುದಾದ ವ್ರತ ಬೇಡ, ಮೂವತ್ತು ವರ್ಷ ನಡೆಸಬಹುದಾದ ಪದ್ಧತಿ ಬೇಕು ಎಂಬ ಪಾಠವನ್ನಷ್ಟೆ ಕಲಿತರೆ ಸಾಕು.

ಗುರಿಯೂ ಚಿಕ್ಕದಾಗಿರಲಿ. ಅಮೆರಿಕದಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 3,234 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಅವರಲ್ಲಿ ಒಂದು ಗುಂಪಿಗೆ ಇಟ್ಟ ಗುರಿ ಇಷ್ಟೇ: ತೂಕದಲ್ಲಿ ನೂರಕ್ಕೆ 7 ಭಾಗ ಇಳಿಸುವುದು, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವುದು. 75 ಕಿಲೋ ಇದ್ದವರಿಗೆ ಇದು 5 ಕಿಲೋ ಮೇಲೆ ಸ್ವಲ್ಪ. ಇಷ್ಟರಿಂದಲೇ ರೋಗ ಬರುವ ಸಂಭವ ನೂರಕ್ಕೆ 58ರಷ್ಟು ಇಳಿಯಿತು. ಔಷಧ ತೆಗೆದುಕೊಂಡ ಗುಂಪಿನಲ್ಲಿ ಇಳಿದುದು 31ರಷ್ಟು. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಊಟ ಮತ್ತು ನಡಿಗೆಗಳನ್ನು ತಿದ್ದಿಕೊಂಡವರ ತೂಕ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆದರೂ ರೋಗದ ಸಂಭವ ನೂರಕ್ಕೆ 28ರಷ್ಟು ಕಡಿಮೆಯಾಯಿತು. ಮುಳ್ಳು ಕದಲದ ವಾರಗಳಲ್ಲಿ ಈ ಮಾತನ್ನು ನೆನೆಯಬೇಕು. ಒಳ್ಳೆಯದು ಒಳಗೆ ನಡೆಯುತ್ತಲೇ ಇರುತ್ತದೆ.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆಯನ್ನೇ ನೋಡೋಣ. ಅನ್ನವನ್ನು ಬಿಟ್ಟು ರಾಗಿಮುದ್ದೆಗೆ ಬಂದರೆ ಮೈ ತಾನಾಗಿ ಇಳಿಯುತ್ತದೆಂದು ನಂಬಿದವರುಂಟು. ನೂರು ಗ್ರಾಮು ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ, ರಾಗಿಯಲ್ಲಿ ಸುಮಾರು 320, ವ್ಯತ್ಯಾಸ ಅಲ್ಪವೇ. ರಾಗಿಯ ಹೆಚ್ಚುಗಾರಿಕೆ ನಾರಿನಲ್ಲಿದೆ: ಅಕ್ಕಿಯಲ್ಲಿ ಸುಮಾರು 3 ಗ್ರಾಮು, ರಾಗಿಯಲ್ಲಿ ಸುಮಾರು 11. ನಾರು ಹೊಟ್ಟೆ ತುಂಬಿಸುತ್ತದೆ, ಬೇಗ ಹಸಿವಾಗಗೊಡಿಸುವುದಿಲ್ಲ. ಆದರೆ ಮೂರು ಮುದ್ದೆ ಉಂಡರೆ ರಾಗಿಯೂ ಕಾಪಾಡಲಾರದು. ನಮ್ಮ ಎಲೆಯ ಮುಖ್ಯ ದೋಷವೇನೆಂದರೆ ಅನ್ನ ನಡುವೆ ಗುಡ್ಡವಾಗಿದ್ದು ಪಲ್ಯ, ಕೋಸುಂಬರಿಗಳು ಅಂಚಿನಲ್ಲಿ ಗುರುತಿಗೆ ಮಾತ್ರ ಇರುವುದು. ಇದನ್ನು ತಿರುಗಿಸಿದರಾಯಿತು. ಅರ್ಧ ಭಾಗ ತರಕಾರಿ ಸೊಪ್ಪು. ಕಾಲು ಭಾಗ ಬೇಳೆ, ಕಾಳು, ಮೊಸರು, ಉಣ್ಣುವವರಿಗೆ ಮೊಟ್ಟೆ ಮೀನುಗಳು. ಉಳಿದ ಕಾಲು ಭಾಗ ಅನ್ನವೋ ಮುದ್ದೆಯೋ ಚಪಾತಿಯೋ ಇರಲಿ. ಕಾಫಿಯ ಸಕ್ಕರೆಯನ್ನು ವಾರಕ್ಕೆ ಕಾಲು ಚಮಚದಂತೆ ಇಳಿಸಿದರೆ ನಾಲಗೆ ಜಗಳವಾಡದೆ ಒಪ್ಪಿಕೊಳ್ಳುತ್ತದೆ. ಎಣ್ಣೆಯನ್ನು ಡಬ್ಬಿಯಿಂದ ಸುರಿಯದೆ ಚಮಚದಿಂದ ಅಳೆಯತಕ್ಕದ್ದು.

ವ್ಯಾಯಾಮವೊಂದನ್ನೇ ನಂಬುವುದೂ ತರವಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ಮೈ ಇಳಿಸಲೆಂದು ದಿನವೂ ದೋಣಿ ಹುಟ್ಟು ಹಾಕಿದ. ತೋಳು ಬಲವಾಯಿತು, ಹಸಿವು ಅದಕ್ಕಿಂತ ಬಲವಾಯಿತು. 1862ರಲ್ಲಿ 202 ಪೌಂಡು ಇದ್ದ ಆತ ವೈದ್ಯನ ಸಲಹೆಯಂತೆ ರೊಟ್ಟಿ, ಸಕ್ಕರೆ, ಆಲೂಗಡ್ಡೆ ಮೊದಲಾದವನ್ನು ಬಿಟ್ಟ ಮೇಲೆ, ಒಂದು ವರ್ಷದ ಆಸುಪಾಸಿನಲ್ಲಿ ಸುಮಾರು 45 ಪೌಂಡು ಇಳಿದ. 1863ರಲ್ಲಿ ಆತ ಅಚ್ಚು ಹಾಕಿಸಿದ ಚಿಕ್ಕ ಪುಸ್ತಕ ಬಹು ಪ್ರಸಿದ್ಧವಾಯಿತು. ಹಾಗೆಂದು ವ್ಯಾಯಾಮ ವ್ಯರ್ಥವೆಂದಲ್ಲ. ಇಳಿಸುವುದಕ್ಕೆ ಊಟ ಮುಖ್ಯ, ಇಳಿದುದನ್ನು ಉಳಿಸುವುದಕ್ಕೆ ನಡಿಗೆ ಮುಖ್ಯ. ಅದರೊಡನೆ ವಾರಕ್ಕೆ ಎರಡು ದಿನವಾದರೂ ಬಸ್ಕಿ, ದಂಡೆ, ಭಾರ ಎತ್ತುವುದು ಇವುಗಳಲ್ಲಿ ಶಕ್ತಿಗೆ ತಕ್ಕುದನ್ನು ಮಾಡಿದರೆ, ಕೊಬ್ಬಿನೊಡನೆ ಸ್ನಾಯುವೂ ಕರಗಿಹೋಗುವುದು ತಪ್ಪುತ್ತದೆ. ನಿದ್ದೆಗೆಟ್ಟವರಿಗೆ ಹಸಿವು ಹೆಚ್ಚು. ಆದ್ದರಿಂದ ನಿದ್ದೆಯನ್ನೂ ಈ ಚಿಕಿತ್ಸೆಯ ಒಂದು ಅಂಗವೆಂದು ಎಣಿಸಬೇಕು.

ಉಳಿಸುವ ಕಾಲದಲ್ಲಿ ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಹೊತ್ತಿನಲ್ಲಿ ತೂಕ ನೋಡಿ ಬರೆದಿಡುವುದು ಒಳ್ಳೆಯದು. ಎರಡು ಕಿಲೋ ಏರಿದಾಗಲೇ ತಿದ್ದಿಕೊಳ್ಳುವುದು ಸುಲಭ, ಹತ್ತು ಏರಿದ ಮೇಲೆ ಕಷ್ಟ. ಮದುವೆಯ ಊಟವನ್ನು ಉಂಡರೆ ವ್ರತಭಂಗವಾಯಿತೆಂದು ಕೈಬಿಡಬೇಕಾಗಿಲ್ಲ. ಒಂದು ಹೋಳಿಗೆಯಿಂದ ಯಾರೂ ಕೆಡಲಿಲ್ಲ. ಹೇಗೂ ಕೆಟ್ಟಿತಲ್ಲ ಎಂದು ಮರುದಿನವೂ ಉಂಡವರು ಕೆಟ್ಟರು. ಇನ್ನು ಹಸಿವನ್ನು ಕುಗ್ಗಿಸುವ ಹೊಸ ಔಷಧಗಳು 2025ರಿಂದ ನಮ್ಮ ಪೇಟೆಗಳಲ್ಲೂ ದೊರೆಯುತ್ತಿವೆ. ಅವು ನಿಜವಾಗಿಯೂ ಕೆಲಸ ಮಾಡುತ್ತವೆ. ಆದರೆ ಬಿಟ್ಟರೆ ತೂಕ ಬಹುಮಟ್ಟಿಗೆ ಮರಳುತ್ತದೆ. ವೈದ್ಯರ ಮಾತಿಲ್ಲದೆ ಅವನ್ನು ಮುಟ್ಟಬಾರದು. ಮಧುಮೇಹಕ್ಕೆ ಈಗಾಗಲೇ ಔಷಧ ತೆಗೆದುಕೊಳ್ಳುತ್ತಿರುವವರು, ಗರ್ಭಿಣಿಯರು, ವೃದ್ಧರು ಊಟವನ್ನು ಇಳಿಸುವ ಮೊದಲೇ ವೈದ್ಯರನ್ನು ಕೇಳತಕ್ಕದ್ದು. ಕಾರಣವಿಲ್ಲದೆ ತೂಕ ತಾನಾಗಿ ಇಳಿಯತೊಡಗಿದರೆ ಹಿಗ್ಗದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕಡೆಯದಾಗಿ ಮನೆಯವರಿಗೆ ಒಂದು ಮಾತು. ಒಬ್ಬರ ಎಲೆಯಲ್ಲಿ ಪಥ್ಯ, ಉಳಿದವರ ಎಲೆಯಲ್ಲಿ ಹಬ್ಬ ಎಂಬ ಏರ್ಪಾಡು ಬಹುಕಾಲ ನಡೆಯದು. ಮೇಲೆ ಹೇಳಿದ ಊಟ ಎಲ್ಲರಿಗೂ ಒಳ್ಳೆಯದೇ. ಇದಕ್ಕಿಂತ ಮುಖ್ಯವಾದುದು ಹಾಸ್ಯವನ್ನು ಬಿಡುವುದು. ದಪ್ಪಗಿರುವ ಮಗುವನ್ನೋ ಸೊಸೆಯನ್ನೋ ನಾಲ್ಕು ಜನರ ಮುಂದೆ ಅಣಕಿಸಿದರೆ ಅವರು ಇಳಿಯುವುದಿಲ್ಲ. ಕದ್ದು ತಿನ್ನುವುದನ್ನು ಕಲಿಯುತ್ತಾರೆ, ವೈದ್ಯರ ಬಳಿಗೆ ಹೋಗಲು ನಾಚುತ್ತಾರೆ.

ನಮ್ಮ ಚರಕಾಚಾರ್ಯರು ಅತಿಸ್ಥೂಲನ ಚಿಕಿತ್ಸೆಯನ್ನು ಹೇಳುವಾಗ, ಜೀರ್ಣವಾಗಲು ತಡವಾಗುವ ಆದರೆ ಮೈ ಬೆಳೆಸದ ಆಹಾರವನ್ನು ಕೊಡಬೇಕೆಂದರು. ವ್ಯಾಯಾಮವನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆಂದರು. ಆ ಕ್ರಮಕ್ರಮವೆಂಬ ಮಾತಿನಲ್ಲಿಯೇ ಈ ವಿದ್ಯೆಯ ಗುಟ್ಟೆಲ್ಲ ಇದೆ. ಯುಗಾದಿಯನ್ನು ಕಾಯಬೇಕಾಗಿಲ್ಲ. ಇಂದು ರಾತ್ರಿಯ ಊಟದಲ್ಲಿ ಒಂದು ಹಿಡಿ ಪಲ್ಯ ಹೆಚ್ಚಾಗಲಿ, ಒಂದು ಹಿಡಿ ಅನ್ನ ಕಡಿಮೆಯಾಗಲಿ. ನಾಳೆಯೂ ಅದೇ ನಡೆದರೆ, ಕೆಲಸ ಪ್ರಾರಂಭವಾಯಿತೆಂದೇ ತಿಳಿಯಬಹುದು.